ಗೋಡೆಗೆ ಕಡಲು, ಕೆರೆಗೆ ಕೊಳಚೆ

ಬಡವನನ್ನು ಎಣ್ಣೆಬಣ್ಣದಲ್ಲಿ ಅದ್ದಿ ತೆಗೆದರೆ ಒಳ್ಳೆಯ ಬೆಲೆ ಬರುತ್ತದೆ. ದೇವನಹಳ್ಳಿ ವಿಮಾನ ನಿಲ್ದಾಣದ ರಸ್ತೆಯ ಹೋಟೆಲೊಂದರಲ್ಲಿ ಅಂಥದೊಂದು ತೈಲಚಿತ್ರ ಗೋಡೆ ತುಂಬ ಇದೆ. ಬಂದರು, ನಸುಕು, ಬಲೆ ಎಳೆಯುವ ಬರಿಮೈ ಗಂಡಸರು, ನೀರ ಮೇಲೆ ಹೊನ್ನಿನ ಬೆಳಕು. ಮೀನಿನ ನಾತವಿಲ್ಲ, ಡೀಸೆಲ್ ಸಾಲವಿಲ್ಲ. ಸೂಟುಬೂಟಿನವರು ಮುಂದೆ ನಿಂತು ಸೆಲ್ಫಿ ಹೊಡೆಯುತ್ತಾರೆ.

ಹೆಂಗಸರೂ ಇಲ್ಲ! ಇದು ಯಾವ ಲೋಕದ ಬಂದರು ಸ್ವಾಮಿ? ಮಲ್ಪೆಯಲ್ಲಿ ಮೀನು ಹೊರುವವರು, ಆಯುವವರು, ಕೂಗಿ ಮಾರುವವರು ಹೆಂಗಸರು. ಬಯಲುಸೀಮೆಯಿಂದ ಗುಳೆ ಹೋದವರೂ ಅವರಲ್ಲಿದ್ದಾರೆ. 2025ರ ಮಾರ್ಚಿನಲ್ಲಿ ಅಂಥ ಒಬ್ಬಳನ್ನು, ಮೀನು ಕದ್ದಳೆಂಬ ಆರೋಪ ಹೊರಿಸಿ, ಅದೇ ಬಂದರಿನಲ್ಲಿ ಮರಕ್ಕೆ ಕಟ್ಟಿ ಹೊಡೆದರು. ಜನ ನಿಂತು ನೋಡಿದರು, ಮೊಬೈಲಿನಲ್ಲಿ ಹಿಡಿದರು. ಇನ್ನು ಬಲೆ ಎಳೆಯುವ ಗಂಡಸರ ಕಥೆ: 2018ರ ಡಿಸೆಂಬರಿನಲ್ಲಿ ಮಲ್ಪೆ ಬಿಟ್ಟ 'ಸುವರ್ಣ ತ್ರಿಭುಜ' ದೋಣಿ ಏಳು ಮಂದಿಯ ಸಮೇತ ಕಾಣೆಯಾಯಿತು. ಅವಶೇಷ ಸಿಕ್ಕಿದ್ದು ಮುಂದಿನ ಮೇ ತಿಂಗಳಲ್ಲಿ. ಆ ಮನೆಗಳವರಿಗೆ ನಸುಕು ಹೊನ್ನಿನ ಬಣ್ಣದ್ದಾಗಿರಲಿಲ್ಲ.

ಕುಂಚ ಹಿಡಿದವರೆಲ್ಲ ಕುರುಡರೆಂದು ನಾನು ಹೇಳುತ್ತಿಲ್ಲ. ಉಡುಪಿ ಬಳಿಯ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದ ಕೆ.ಕೆ. ಹೆಬ್ಬಾರರು ದುಡಿವ ಜನರನ್ನು ಕಂಡೇ ಬರೆದವರು. ನನ್ನ ಜಗಳವಿರುವುದು ಕೊಂಡು ತೂಗುಹಾಕುವವರ ಹತ್ತಿರ.

ಘಟ್ಟದ ಕೆಳಗಿನ ಮೀನುಗಾರ ಬೇಕಾದ ಇವರಿಗೆ ಪಕ್ಕದ ದೊಡ್ಡಬಳ್ಳಾಪುರದ ಬೆಸ್ತ ಕಣ್ಣಿಗೇ ಬೀಳುವುದಿಲ್ಲ. ನಮಗೆ ಕಡಲಿಲ್ಲ, ಇದ್ದದ್ದು ಕೆರೆ. ನಂದಿಬೆಟ್ಟದಲ್ಲಿ ಹುಟ್ಟಿದ ಅರ್ಕಾವತಿ ಕೆರೆಯಿಂದ ಕೆರೆಗೆ ಕೋಡಿ ಬಿದ್ದು ಹೆಸರಘಟ್ಟ ಸೇರುತ್ತಿತ್ತು. ಬೆಂಗಳೂರಿಗೆ ನಲ್ಲಿ ನೀರು ಕುಡಿಸಿದ್ದು ಇದೇ ಹರಿವು. ಕೋಡಿ ಬಿದ್ದ ವರ್ಷ ಮೀನುಮರಿ ಬಿಟ್ಟರೆ ಕಾಟ್ಲಾ, ರೋಹು, ಗೆಂಡೆ. ತೆಪ್ಪ, ಬೀಸುಬಲೆ, ಏರಿ ಮೇಲೇ ತಕ್ಕಡಿ. ಈಗ ಪಟ್ಟಣದ ಕೊಳಚೆಯೂ ಬಾಶೆಟ್ಟಿಹಳ್ಳಿ ಕೈಗಾರಿಕಾ ಪ್ರದೇಶದ ತ್ಯಾಜ್ಯವೂ ಚಿಕ್ಕತುಮಕೂರು, ದೊಡ್ಡತುಮಕೂರು ಕೆರೆಗಳಿಗೆ ಬಂದು ಬೀಳುತ್ತವೆ. ಬೋರ್‌ವೆಲ್ಲಿನ ನೀರೂ ಕೆಟ್ಟಿತು. ಊರವರು ಅರ್ಜಿ ಬರೆದು, ಧರಣಿ ಕೂತು ವರ್ಷಗಳೇ ಉರುಳಿದವು. ಆ ನೀರಿನ ಮೀನನ್ನು ಯಾರು ಕೊಳ್ಳುತ್ತಾರೆ? ಹೋಟೆಲಿನವರು ಕೊಳ್ಳುತ್ತಾರೆಯೇ, ತಮ್ಮ ಚಿತ್ರದ ಕೆಳಗಿನ ಮೇಜಿಗೆ?

ಕೆರೆ ಮೀನಿಗೂ ಗುತ್ತಿಗೆ ಉಂಟು. ಹಣ ಕಟ್ಟಿಸಿಕೊಳ್ಳುವಾಗ ಕೆರೆ ಸರ್ಕಾರದ್ದು. ಮೀನು ಸತ್ತಾಗ ನಷ್ಟ ಬೆಸ್ತನದು. ವಿಷ ಬಿಟ್ಟವನಿಗೆ ನೋಟಿಸು, ನೋಟಿಸಿಗೆ ಉತ್ತರ, ಉತ್ತರಕ್ಕೆ ಪರಿಶೀಲನೆ, ಅಷ್ಟರಲ್ಲಿ ಇನ್ನೊಂದು ಮಳೆಗಾಲ ದಾಟಿರುತ್ತದೆ. ಬಲೆ ಅಟ್ಟಕ್ಕೇರಿಸಿದವರ ಮಕ್ಕಳಿಗೆ ಕಾರ್ಖಾನೆ ಗೇಟಿನ ಕಂಟ್ರಾಕ್ಟ್ ಕಾವಲು ಸಿಕ್ಕರೆ ಅದೇ ಪುಣ್ಯ ಅನ್ನಬೇಕಂತೆ. ಯಾರ ಪುಣ್ಯ? ಮೊದಲು ಕೆರೆಗೆ ವಿಷ ಬಿಡುವ ಪೈಪು ಮುಚ್ಚಿಸಿ. ಆಮೇಲೆ ಗುತ್ತಿಗೆಯ ಹರಾಜು ಕೂಗಿ.