ಮಾದರಿ ರೈಲಿಗೂ ಕಂಬಿಯೇ ಮೂಲ

ಮಾದರಿ ರೈಲನ್ನು ಕೊಳ್ಳಹೊರಟವರ ಕಣ್ಣು ಮೊದಲು ಬೀಳುವುದು ಎಂಜಿನ್ನಿನ ಮೇಲೆ. ಬಳಿಕ ಡಬ್ಬಿಗಳ ಮೇಲೆ. ಕೈಯಲ್ಲಿದ್ದ ಹಣವೆಲ್ಲ ಹೀಗೆ ವೆಚ್ಚವಾಗಿ, ಮಿಕ್ಕ ಚಿಲ್ಲರೆಯಲ್ಲಿ ಕಂಬಿಯನ್ನೂ ಪಾಯಿಂಟುಗಳನ್ನೂ ಕೊಂಡು ತರುತ್ತಾರೆ. ಆನೆಯನ್ನು ಕೊಂಡು ಅಂಕುಶಕ್ಕೆ ಚೌಕಾಶಿ ಮಾಡುವ ಈ ರೀತಿಯಿಂದ ಆಗುವ ನಷ್ಟ ಹಣದ್ದು ಮಾತ್ರವಲ್ಲ. ಗಾಡಿ ಹತ್ತು ಸಲ ಹಳಿ ತಪ್ಪಿದರೆ ಹನ್ನೊಂದನೆಯ ಸಲ ಹುಡುಗನು ಅದನ್ನು ಪೆಟ್ಟಿಗೆಯಲ್ಲಿಟ್ಟು ಮುಚ್ಚುತ್ತಾನೆ. ಯಂತ್ರಗಳು ತನ್ನ ಕೈಗೆ ಒಲಿಯುವುವಲ್ಲವೆಂಬ ತಪ್ಪು ತೀರ್ಮಾನವೂ ಅವನ ಮನಸ್ಸಿನಲ್ಲಿ ಉಳಿದುಬಿಡಬಹುದು. ಆದುದರಿಂದ ಮೊದಲು ಕಂಬಿ, ಬಳಿಕ ಪಾಯಿಂಟು, ಕಡೆಯಲ್ಲಿ ಎಂಜಿನ್ನು ಎಂಬ ಕ್ರಮವೇ ಸರಿಯಾದುದೆಂದು ನಾನು ವಾದಿಸುತ್ತೇನೆ.

ಹಳಿ ತಪ್ಪುವುದಕ್ಕೆ ವೇಗವೇ ಕಾರಣವೆಂಬುದು ಜನಸಾಮಾನ್ಯರ ಊಹೆ. ಅದನ್ನು ಸ್ವಲ್ಪ ಪರೀಕ್ಷಿಸೋಣ. ಲೋಕದಲ್ಲಿ ಬಹಳ ಬಳಕೆಯಲ್ಲಿರುವ 'ಎಚ್.ಒ.' ಪ್ರಮಾಣದಲ್ಲಿ ಮಾದರಿಯು ಮೂಲದ ೮೭ರಲ್ಲಿ ಒಂದು ಪಾಲು. ತಿರುವಿನಲ್ಲಿ ಗಾಡಿಗೆ ಬೇಕಾಗುವ ವೇಗೋತ್ಕರ್ಷವು ವೇಗದ ವರ್ಗವನ್ನು ತ್ರಿಜ್ಯದಿಂದ ಭಾಗಿಸಿದಷ್ಟು. ವೇಗವನ್ನೂ ತ್ರಿಜ್ಯವನ್ನೂ ೮೭ರಿಂದ ಭಾಗಿಸಿದರೆ ಈ ವೇಗೋತ್ಕರ್ಷವೂ ೮೭ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಆದರೆ ಭೂಮಿಯ ಆಕರ್ಷಣೆ ಮಾದರಿಯ ಸಲುವಾಗಿ ಕಡಮೆಯಾಗುವುದಿಲ್ಲವಷ್ಟೆ! ಎಂದಮೇಲೆ, ತಕ್ಕ ವೇಗದಲ್ಲಿ ಓಡುವ ಮಾದರಿ ಗಾಡಿಯು ತಿರುವಿನಲ್ಲಿ ಉರುಳಿಬೀಳುವ ಭಯ ನಿಜವಾದ ಗಾಡಿಗಿರುವುದಕ್ಕಿಂತ ಬಹಳ ಕಡಮೆ. ಇನ್ನೊಂದು ಕಡೆ, ಹಳಿಗಳ ಸಂದಿನಲ್ಲಿ ಅರ್ಧ ಮಿಲಿಮೀಟರಿನ ಏರುಪೇರಿದ್ದರೆ ಅದು ನಿಜವಾದ ಹಳಿಯಲ್ಲಿ ೪೩ ಮಿಲಿಮೀಟರಿಗೂ ಮೀರಿದ ಮೆಟ್ಟಿಲಿಗೆ ಸಮ. ಅಂತಹ ಮೆಟ್ಟಿಲನ್ನು ಹತ್ತಿ ಇಳಿಯಬಲ್ಲ ರೈಲು ಜಗತ್ತಿನಲ್ಲಿ ಎಲ್ಲಿಯೂ ಇಲ್ಲ. ದೋಷವಿರುವುದು ಹೆಚ್ಚಾಗಿ ಹಾದಿಯಲ್ಲಿಯೇ.

ಆದುದರಿಂದ ಸಂದುಗಳು ಕಡಮೆಯಾದಷ್ಟೂ ಒಳ್ಳೆಯದು. ತುಂಡುತುಂಡಾಗಿ ಬರುವ ಗಟ್ಟಿ ಕಂಬಿಗಿಂತ, ಸುಮಾರು ಒಂದು ಗಜ ಉದ್ದದ ಬಾಗುವ ಕಂಬಿಯನ್ನು ಕತ್ತರಿಸಿ ಕೂಡಿಸುವುದು ಮೇಲು. ಹಳಿಯ ಎತ್ತರವನ್ನು ಅಂಗುಲದ ಸಾವಿರದಲ್ಲಿ ಒಂದು ಪಾಲಿನ ಲೆಕ್ಕದಲ್ಲಿ 'ಕೋಡ್' ಎಂಬ ಸಂಖ್ಯೆಯಿಂದ ಸೂಚಿಸುತ್ತಾರೆ. ಕೋಡ್ ೧೦೦ ಎಂದರೆ ೨.೫೪ ಮಿಲಿಮೀಟರು, ಕೋಡ್ ೮೩ ಎಂದರೆ ೨.೧೧. ನಮ್ಮ ಮುಖ್ಯಮಾರ್ಗಗಳಲ್ಲಿರುವ, ಮೀಟರಿಗೆ ೬೦ ಕಿಲೋಗ್ರಾಂ ತೂಗುವ ಹಳಿಯ ಎತ್ತರ ೧೭೨ ಮಿಲಿಮೀಟರು. ಇದನ್ನು ೮೭ರಿಂದ ಭಾಗಿಸಿದರೆ ೧.೯೮ ಬರುತ್ತದೆ, ಎಂದರೆ ಕೋಡ್ ೮೩ ಸಾಕಷ್ಟು ಹತ್ತಿರದ್ದು, ಕೋಡ್ ೧೦೦ ಕಣ್ಣಿಗೆ ಸ್ವಲ್ಪ ದಪ್ಪ. ಆದರೆ ಅಂಚು ಆಳವಾಗಿರುವ ಹಳೆಯ ಚಕ್ರಗಳಿಗೆ ಕೋಡ್ ೧೦೦ ಹೆಚ್ಚು ಕ್ಷಮಾಶೀಲವಾದುದು. ಮಕ್ಕಳ ಕೈಗೆ ಕೊಡುವುದಾದರೆ ಅದನ್ನೇ ಆರಿಸುವುದರಲ್ಲಿ ತಪ್ಪೇನೂ ಇಲ್ಲ.

ಲೋಹದ ವಿಚಾರದಲ್ಲಿ ಮಾತ್ರ ರಾಜಿ ಸಲ್ಲದು. ಹಿತ್ತಾಳೆಯ ಹಳಿಯೂ ಉಂಟು, ನಮ್ಮ ಮನೆಗಳಲ್ಲಿ ಜರ್ಮನ್ ಸಿಲ್ವರ್ ಎಂದು ಹೆಸರಾದ ಮಿಶ್ರಲೋಹದ ಹಳಿಯೂ ಉಂಟು. ಈ ಎರಡನೆಯದು ತಾಮ್ರ, ನಿಕ್ಕಲ್, ಸತುಗಳ ಕೂಟ. ಹೆಸರಿನಲ್ಲಿರುವ ಬೆಳ್ಳಿ ಲೋಹದಲ್ಲಿಲ್ಲ. ಇದರ ವಿದ್ಯುದ್ರೋಧ ಹಿತ್ತಾಳೆಗಿಂತ ಹಲವು ಪಟ್ಟು ಹೆಚ್ಚು. ಪುಸ್ತಕದ ಕೋಷ್ಟಕವನ್ನಷ್ಟೇ ನೋಡಿದವರು ಹಿತ್ತಾಳೆಯನ್ನೇ ಆರಿಸಿಯಾರು. ಆದರೆ ಎಂಜಿನ್ನು ವಿದ್ಯುತ್ತನ್ನು ಪಡೆಯುವುದು ಹಳಿಯ ಮೇಲ್ಮೈಯಿಂದ. ಹಿತ್ತಾಳೆಯ ಮೈ ಬೇಗ ಕಂದಿ, ಚಕ್ರಕ್ಕೂ ಹಳಿಗೂ ನಡುವೆ ತಡೆಯಾಗುತ್ತದೆ. ಜರ್ಮನ್ ಸಿಲ್ವರಿನ ಮೈ ಬಹುಕಾಲ ಶುಚಿಯಾಗಿರುತ್ತದೆ. ಉದ್ದದ ಹಳಿಯಲ್ಲಿ ಒತ್ತಡ ಕುಗ್ಗುವುದನ್ನು ಅಲ್ಲಲ್ಲಿ ತಂತಿಗಳನ್ನು ಬೆಸೆದು ಸರಿಪಡಿಸಬಹುದು. ಮೈಯ ಕಿಲುಬನ್ನಾದರೋ ಮತ್ತೆ ಮತ್ತೆ ಉಜ್ಜುತ್ತಲೇ ಇರಬೇಕು.

ಇನ್ನು ಪಾಯಿಂಟುಗಳು. ಇವುಗಳನ್ನು ೪, ೬, ೮ ಎಂಬ ಸಂಖ್ಯೆಗಳಿಂದ ಹೆಸರಿಸುವುದುಂಟು. ಹಳಿಗಳು ಒಂದನ್ನೊಂದು ದಾಟುವ ಮೊನೆಯಲ್ಲಿ, ಕವಲುದಾರಿಯು ಒಂದು ಅಂಗುಲ ಪಕ್ಕಕ್ಕೆ ಸರಿಯುವುದಕ್ಕೆ ಎಷ್ಟು ಅಂಗುಲ ಮುಂದಕ್ಕೆ ಹೋಗಬೇಕೋ ಅದೇ ಈ ಸಂಖ್ಯೆ. ನಿಜವಾದ ರೈಲ್ವೆಯಲ್ಲಿಯೂ ಇದೇ ಲೆಕ್ಕ. ಭಾರತೀಯ ರೈಲ್ವೆಯಲ್ಲಿ ಎಂಟೂವರೆಗೆ ಒಂದು, ಹನ್ನೆರಡಕ್ಕೆ ಒಂದು ಎಂಬ ಪಾಯಿಂಟುಗಳು ಸಾಮಾನ್ಯ. ಸ್ಥಳ ಉಳಿಯುವುದೆಂಬ ಆಸೆಯಿಂದ ಬಹುಮಂದಿ ೪ನೆಯ ಸಂಖ್ಯೆಯದನ್ನು ಕೊಳ್ಳುತ್ತಾರೆ. ಇಲ್ಲಿ ರೇಖಾಗಣಿತವು ನಮಗೊಂದು ಉಪಕಾರ ಮಾಡುತ್ತದೆ. ಕವಲನ್ನು ಸರಳವಾದ ಒಂದೇ ಕಂಸವೆಂದು ಭಾವಿಸಿದರೆ, ಅದು ಆಕ್ರಮಿಸುವ ಉದ್ದವು ಗೇಜಿನ ಎರಡರಷ್ಟನ್ನು ಆ ಸಂಖ್ಯೆಯಿಂದ ಗುಣಿಸಿದಷ್ಟು. ಅದರ ತ್ರಿಜ್ಯವಾದರೋ ಗೇಜಿನ ಎರಡರಷ್ಟನ್ನು ಆ ಸಂಖ್ಯೆಯ ವರ್ಗದಿಂದ ಗುಣಿಸಿದಷ್ಟು. ೧೬.೫ ಮಿಲಿಮೀಟರ್ ಗೇಜಿನಲ್ಲಿ ೪ನೆಯ ಸಂಖ್ಯೆಗೆ ಉದ್ದ ೧೩೨, ತ್ರಿಜ್ಯ ೫೨೮ ಮಿಲಿಮೀಟರು. ೬ನೆಯದಕ್ಕೆ ಉದ್ದ ೧೯೮, ತ್ರಿಜ್ಯ ೧,೧೮೮. ಅಂಗಡಿಯಲ್ಲಿ ಸಿಕ್ಕುವ ಪಾಯಿಂಟಿನಲ್ಲಿ ನೇರವಾದ ಭಾಗಗಳೂ ಇರುವುದರಿಂದ ಅಳತೆಗಳು ಸ್ವಲ್ಪ ಬೇರೆಯಾದಾವು. ನಿಯಮ ಮಾತ್ರ ಬದಲಾಗುವುದಿಲ್ಲ. ಸ್ಥಳವನ್ನು ಒಂದೂವರೆ ಪಟ್ಟು ಕೊಟ್ಟರೆ ತಿರುವಿನ ಸೌಮ್ಯತೆ ಎರಡೂಕಾಲು ಪಟ್ಟು ದೊರೆಯುತ್ತದೆ. ಇಷ್ಟು ಲಾಭದ ವ್ಯಾಪಾರ ಬೇರೆಲ್ಲಿ ಸಿಕ್ಕೀತು? ಉದ್ದವಾದ ಡಬ್ಬಿಗಳನ್ನು ಓಡಿಸುವವರು ೬ಕ್ಕಿಂತ ಕೆಳಗಿಳಿಯಬಾರದು.

ಪಾಯಿಂಟಿನ ಆ ದಾಟುಮೊನೆಗೆ 'ಫ್ರಾಗ್' ಎಂದು ಹೆಸರು. ಎರಡು ಹಳಿಗಳಲ್ಲಿಯೂ ವಿದ್ಯುತ್ತು ಹರಿಯುವ ಪದ್ಧತಿಯಲ್ಲಿ ಈ ಮೊನೆ ಒಮ್ಮೆ ಧನಕ್ಕೂ ಒಮ್ಮೆ ಋಣಕ್ಕೂ ಸೇರಬೇಕಾದುದರಿಂದ ಇಲ್ಲಿಯೇ ತೊಡಕು. ಅದನ್ನು ಪ್ಲಾಸ್ಟಿಕ್ಕಿನಿಂದ ಮಾಡಿ ನಿರ್ಜೀವವಾಗಿಟ್ಟರೆ ತಂತಿಯ ಕೆಲಸ ಸುಲಭ. ಆದರೆ ಚಕ್ರಗಳು ಕಡಮೆಯಿರುವ ಸಣ್ಣ ಎಂಜಿನ್ನು ನಿಧಾನವಾಗಿ ಬರುವಾಗ ಅಲ್ಲಿಯೇ ನಿಂತುಬಿಡುತ್ತದೆ. ಲೋಹದ ಮೊನೆಯಿದ್ದರೆ ಓಟ ತಡೆಯಿಲ್ಲದುದು. ಆದರೆ ಪಾಯಿಂಟು ತಿರುಗಿದೊಡನೆ ಮೊನೆಯ ಧ್ರುವತೆಯೂ ಬದಲಾಗುವಂತೆ ಒಂದು ಸ್ವಿಚ್ಚನ್ನು ಜೋಡಿಸಬೇಕು. ಅಂಗಡಿಯವರು ಮೊದಲನೆಯದನ್ನು ಹೊಸಬರಿಗೆ ಶಿಫಾರಸು ಮಾಡುವುದುಂಟು. ನನ್ನ ಮತ ಇದಕ್ಕೆ ವಿರುದ್ಧ. ಆ ಒಂದು ಸ್ವಿಚ್ಚನ್ನು ತಾನೇ ಜೋಡಿಸಿದ ವಿದ್ಯಾರ್ಥಿಗೆ ವಿದ್ಯುನ್ಮಂಡಲವೆಂದರೇನೆಂಬುದು ಕರಿಹಲಗೆಯ ಮೇಲಿನ ಚಿತ್ರಕ್ಕಿಂತ ಚೆನ್ನಾಗಿ ಮನದಟ್ಟಾಗುತ್ತದೆ. ಅಮೆರಿಕದ ಎಂ.ಐ.ಟಿ. ವಿದ್ಯಾಸಂಸ್ಥೆಯಲ್ಲಿ ೧೯೪೬ರಲ್ಲಿ ಹುಟ್ಟಿದ ಮಾದರಿ ರೈಲು ಸಂಘದ ತರುಣರು ಟೆಲಿಫೋನಿನ ರಿಲೇಗಳಿಂದ ತಮ್ಮ ಕಂಬಿಗಳನ್ನು ನಿಯಂತ್ರಿಸಲು ಕಲಿತರು. ಅವರಲ್ಲಿ ಕೆಲವರು ಮುಂದೆ ಅಲ್ಲಿನ ಗಣಕಯಂತ್ರಗಳ ಬಳಿಗೆ ಹೋಗಿ ಹೆಸರಾದರು. ಪಾಯಿಂಟಿನ 'ಇತ್ತ ಅಥವಾ ಅತ್ತ' ಎಂಬುದಕ್ಕೂ ಗಣಕದ 'ಸೊನ್ನೆ ಅಥವಾ ಒಂದು' ಎಂಬುದಕ್ಕೂ ಇರುವ ನಂಟು ಆಕಸ್ಮಿಕವಲ್ಲ.

ನಮ್ಮವರಿಗೆ ವಿಶೇಷವಾದ ಪ್ರಶ್ನೆಯೊಂದುಂಟು. ನಮ್ಮ ಅಗಲಗೇಜು ೧,೬೭೬ ಮಿಲಿಮೀಟರು, ಎಚ್.ಒ. ಪ್ರಮಾಣದಲ್ಲಿ ಅದು ೧೯.೩ ಆಗಬೇಕು. ಅಂಗಡಿಯಲ್ಲಿ ಸಿಕ್ಕುವುದು ೧,೪೩೫ ಮಿಲಿಮೀಟರಿನ ಗೇಜಿಗೆ ಸರಿಹೊಂದುವ ೧೬.೫. ನಿಷ್ಠುರವಾದ ಸತ್ಯವನ್ನು ಬಯಸುವವನು ಪ್ರತಿಯೊಂದು ಪಾಯಿಂಟನ್ನೂ ಕೈಯಿಂದಲೇ ಮಾಡಿಕೊಳ್ಳಬೇಕು. ಅದು ಶ್ಲಾಘ್ಯವಾದ ತಪಸ್ಸು. ಆದರೆ ಹೊಸಬರಿಗೆ ೧೬.೫ನ್ನು ಒಪ್ಪಿಕೊಳ್ಳುವುದೇ ವಿವೇಕ. ಹಿಂದಿನ ಬೆಂಗಳೂರು-ಮೈಸೂರು ಮಾರ್ಗದಂತಹ ಮೀಟರ್ ಗೇಜನ್ನು ಚಿತ್ರಿಸುವವರಿಗೆ ಮಾತ್ರ ಅದೃಷ್ಟವಿದೆ. ಸ್ವಿಟ್ಸರ್ಲೆಂಡಿನ ಪರ್ವತಮಾರ್ಗಗಳ ಮಾದರಿಗಳಿಗಾಗಿ ಮಾಡುವ ೧೨ ಮಿಲಿಮೀಟರಿನ ಕಂಬಿ ಅವರಿಗೆ ಹೆಚ್ಚುಕಡಮೆ ಸರಿಯಾಗಿಯೇ ಹೊಂದುತ್ತದೆ.

ಇದಕ್ಕೆಲ್ಲ ಹಣವೆಲ್ಲಿ, ಸ್ಥಳವೆಲ್ಲಿ ಎಂದು ವಾಚಕರು ಕೇಳಬಹುದು. ಈ ಸಾಮಗ್ರಿಯ ಬಹುಪಾಲು ಹೊರದೇಶದಿಂದ ಬರತಕ್ಕದ್ದಾದುದರಿಂದ ಪ್ರಶ್ನೆ ನ್ಯಾಯವಾದುದೇ. ಉತ್ತರವಿಷ್ಟೆ: ಕೊಳ್ಳುವುದು ಸ್ವಲ್ಪವಾಗಿರಲಿ, ಒಳ್ಳೆಯದಾಗಿರಲಿ. ಇಂಗ್ಲೆಂಡಿನ ಆಲನ್ ರೈಟ್ ಎಂಬವರು ರೂಪಿಸಿದ 'ಇಂಗಲ್‌ನುಕ್' ಎಂಬ ವಿನ್ಯಾಸಕ್ಕೆ ಬೇಕಾದುವು ಎರಡೇ ಪಾಯಿಂಟು, ಎಂಟು ಡಬ್ಬಿ, ಒಂದು ಸಣ್ಣ ಎಂಜಿನ್ನು. ಎಂಟರಲ್ಲಿ ಐದನ್ನು ಹೇಳಿದ ಕ್ರಮದಲ್ಲಿ ಜೋಡಿಸುವುದೇ ಆಟ. ಆ ಕ್ರಮಗಳ ಸಂಖ್ಯೆ ೬,೭೨೦! ಗೋಡೆಗೆ ಹೊಡೆದ ಒಂದು ಹಲಗೆಯ ಮೇಲೆ ಇಷ್ಟು ರೈಲುಗಳು ಅಡಗಿರುವಾಗ, ಹತ್ತು ಅಗ್ಗದ ಪಾಯಿಂಟುಗಳನ್ನು ಹರಡಿ ಹಾಕಿ ಗಾಡಿಗಳನ್ನು ಎತ್ತಿ ಎತ್ತಿ ಇಡುವುದರಲ್ಲಿ ಏನು ಸುಖ?

ಶಾಲೆಗಳೂ ಈ ಮಾತನ್ನು ಗಮನಿಸಬೇಕೆಂದು ನನ್ನ ಪ್ರಾರ್ಥನೆ. ಗಾಜಿನ ಬೀರುವಿನಲ್ಲಿ ಹೊಳೆಯುವ ಎಂಜಿನ್ನಿಗಿಂತ, ಮಕ್ಕಳ ಕೈಯಲ್ಲಿ ಸರಿಯಾಗಿ ಕೆಲಸ ಮಾಡುವ ಒಂದು ಪಾಯಿಂಟು ಹೆಚ್ಚು ಪಾಠ ಹೇಳುತ್ತದೆ. ಎಂಜಿನ್ನನ್ನು ಮುಂದಿನ ವರ್ಷವೂ ಕೊಳ್ಳಬಹುದು. ಹಾದಿಯನ್ನು ಮೊದಲೇ ಸರಿಯಾಗಿ ಹಾಕಬೇಕು.