ಮಲ್ಲಿಗೆಯ ಲೆಕ್ಕ ಗೊತ್ತಿಲ್ಲದ ಸ್ಮಾರ್ಟ್ ಬೋರ್ಡು

ಮೂರನೇ ತರಗತಿಯಿಂದಲೇ ಕೃತಕ ಬುದ್ಧಿಮತ್ತೆಯ ಪಾಠ ಎಂದು ಕೇಂದ್ರ ಘೋಷಿಸಿದ್ದೇ ತಡ, ಕರಾವಳಿಯ ಸರ್ಕಾರಿ ಶಾಲೆಗಳ ಸುತ್ತ ಮತ್ತೆ ಸ್ಮಾರ್ಟ್ ಬೋರ್ಡಿನ ಮಾತು ಎದ್ದಿದೆ. ಮುಂಬಯಿಯ ಹಳೆ ವಿದ್ಯಾರ್ಥಿಗಳು, ಗಲ್ಫಿನ ದಾನಿಗಳು ಹಣ ಕೊಡಲು ಸಿದ್ಧ. ರಿಬ್ಬನ್ನು, ಶಾಲು, ಫೋಟೊ. ಆ ಬೋರ್ಡಿನೊಳಗಿನ ಪಾಠವನ್ನು ಬರೆದವರು ಯಾರು, ಯಾವ ಊರಿನ ಮಗುವನ್ನು ಕಣ್ಣೆದುರು ಇಟ್ಟುಕೊಂಡು ಬರೆದರು ಎಂದು ಸಭೆಯಲ್ಲಿ ಒಬ್ಬರೂ ಕೇಳುವುದಿಲ್ಲ. ಸಿಟ್ಟು ಬರುವುದು ಅದಕ್ಕೇ.

ಕರಾವಳಿಯ ಮಲ್ಲಿಗೆಯೂರು ಶಂಕರಪುರದ ಮಕ್ಕಳಿಗೆ ಗುಣಾಕಾರ ಮನೆಯ ಜಗಲಿಯಲ್ಲೇ ಸಿಗುತ್ತದೆ. ಬೆಳಗ್ಗೆ ಕೊಯ್ದ ಮೊಗ್ಗನ್ನು ಬಾಳೆನಾರಿನಲ್ಲಿ ಕಟ್ಟುತ್ತಾ ಹೋದರೆ 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಅಟ್ಟೆಗೆ 3,200 ಹೂವು. ಕಾಲು ಎಂದರೇನು, ಅರ್ಧ ಎಂದರೇನು ಎಂಬುದು ಬೆರಳಿಗೇ ಗೊತ್ತು. ದರವೋ, ದಿನಕ್ಕೊಂದು, ಮದುವೆ ಸೀಸನ್ನಿಗೆ ಏರುತ್ತದೆ, ಆಟಿ ತಿಂಗಳಲ್ಲಿ ಇಳಿಯುತ್ತದೆ. ಬೇಡಿಕೆ-ಪೂರೈಕೆಯ ಅರ್ಥಶಾಸ್ತ್ರ ಅಲ್ಲೇ ಇದೆ. ಅಂಥ ಮನೆಯ ಮಗು ಶಾಲೆಗೆ ಬಂದು ಕುಳಿತರೆ ಪರದೆಯ ಮೇಲೆ ಭಿನ್ನರಾಶಿಗೆ ಪಿಜ್ಜಾದ ತುಂಡು ಬರುತ್ತದೆ.

ಯಂತ್ರ ಬಂದ ಕೂಡಲೇ ಶಾಲೆ ಬದಲಾಗುತ್ತದೆಂಬ ಭರವಸೆಗೆ ನೂರು ವರ್ಷ ದಾಟಿದೆ. ಸಿನಿಮಾ ಬಂದದ್ದರಿಂದ ಶಾಲೆಯಲ್ಲಿ ಪುಸ್ತಕಕ್ಕೆ ಇನ್ನು ಹೆಚ್ಚು ದಿನ ಕೆಲಸವಿಲ್ಲ ಎಂದು 1913ರಲ್ಲೇ ಥಾಮಸ್ ಎಡಿಸನ್ ಹೇಳಿದ್ದ. ಮಗಳ ಗಣಿತದ ತರಗತಿ ನೋಡಿ ಬೇಸತ್ತ ಮನೋವಿಜ್ಞಾನಿ ಸ್ಕಿನ್ನರ್ 1954ರ ಹೊತ್ತಿಗೆ ‘ಬೋಧನಾ ಯಂತ್ರ’ವನ್ನೇ ಮುಂದಿಟ್ಟ. ಕರ್ನಾಟಕಕ್ಕೆ ಈ ಭರವಸೆ ಆಕಾಶದಿಂದಲೇ ಇಳಿಯಿತು. 1975ರ ಆಗಸ್ಟ್ 1ರಿಂದ ಒಂದು ವರ್ಷ, ನಾಸಾದ ಉಪಗ್ರಹದ ನೆರವಿನಿಂದ ಇಸ್ರೋ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟೀವಿ ಪಾಠ ಮುಟ್ಟಿಸಿತು. ನಮ್ಮಲ್ಲಿ ಬಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳಿಗೆ. ಅದೊಂದು ದೊಡ್ಡ ಸಾಹಸ, ಗೌರವದಿಂದಲೇ ನೆನೆಯಬೇಕು. ಆದರೆ ಕನ್ನಡದ ಕಾರ್ಯಕ್ರಮಗಳು ತಯಾರಾಗುತ್ತಿದ್ದುದು ಹೈದರಾಬಾದಿನಲ್ಲಿ. ಟೀವಿಯೊಳಗಿನವರಿಗೆ ರಾಯಚೂರಿನ ಹುಡುಗಿ ಎದುರು ಪ್ರಶ್ನೆ ಕೇಳುವ ಹಾಗಿರಲಿಲ್ಲ. ಆ ಪ್ರಯೋಗದಲ್ಲಿ ನಿಜಕ್ಕೂ ಹಿಂಬಾಲಿಸಬೇಕಾದ ಭಾಗ ಬೇರೆಯೇ: ಅದೇ ಟೀವಿಯ ಮೂಲಕ ಸುಮಾರು 50 ಸಾವಿರ ಪ್ರಾಥಮಿಕ ಶಿಕ್ಷಕರಿಗೆ ವಿಜ್ಞಾನ ಕಲಿಸುವ ತರಬೇತಿ ಕೊಟ್ಟರು. ಮಕ್ಕಳ ಮುಂದೆ ಪೆಟ್ಟಿಗೆ ಇಡುವ ಬದಲು ಶಿಕ್ಷಕರ ಕೈ ಬಲಪಡಿಸಿದ ಕೆಲಸ ಅದು.

ಪಾಠವನ್ನು ಹೇಗೆ ಕಟ್ಟಬೇಕು ಎಂಬ ವಿದ್ಯೆ ಅಮೆರಿಕದಿಂದಲೇ ಬರಬೇಕೆಂದು ನಂಬಿದವರು ಮದರಾಸಿನ ಕಥೆ ಓದಬೇಕು. 1789ರಲ್ಲಿ ಅಲ್ಲಿನ ಅನಾಥಾಲಯದ ಮೇಲ್ವಿಚಾರಕನಾದ ಆಂಡ್ರ್ಯೂ ಬೆಲ್, ಊರ ಶಾಲೆಯ ಮಕ್ಕಳು ಮರಳಿನ ಮೇಲೆ ಬೆರಳಲ್ಲಿ ಅಕ್ಷರ ತಿದ್ದುವುದನ್ನು ಕಂಡ. ತನ್ನ ಸಹಾಯಕರು ಅದನ್ನು ಕಲಿಸಲು ಒಪ್ಪದಿದ್ದಾಗ ಎಂಟು ವರ್ಷದ ಹುಡುಗನೊಬ್ಬನನ್ನೇ ಚಿಕ್ಕ ಮಕ್ಕಳಿಗೆ ಮಾಷ್ಟ್ರು ಮಾಡಿದ. 1797ರಲ್ಲಿ ಅವನು ಪ್ರಕಟಿಸಿದ ಪುಸ್ತಕದಿಂದ ‘ಮದ್ರಾಸ್ ಪದ್ಧತಿ’ ಇಂಗ್ಲೆಂಡಿನ ಶಾಲೆಗಳಿಗೆ ಹಬ್ಬಿತು.

ಕನ್ನಡದ್ದೇ ಉದಾಹರಣೆ ಬೇಕೆಂದರೆ ಹೆಗ್ಗಡದೇವನಕೋಟೆ ಇದೆ. 1995ರಲ್ಲಿ, ಯುನಿಸೆಫ್ ನೆರವಿನಿಂದ, ಆ ತಾಲ್ಲೂಕಿನ ಸರ್ಕಾರಿ ಶಿಕ್ಷಕರು ಆಂಧ್ರದ ಮದನಪಲ್ಲೆ ಬಳಿಯ ರಿಷಿವ್ಯಾಲಿ ಶಾಲೆಗಳಿಗೆ ಹೋಗಿ ನೋಡಿ ಬಂದರು. ಬಂದವರು ನಕಲು ಮಾಡಲಿಲ್ಲ. ಕಾಡಂಚಿನ ಊರು, ಕೂಲಿಗೆ ಹೋಗುವ ತಂದೆತಾಯಿ, ವಾರಗಟ್ಟಲೆ ತಪ್ಪುವ ಮಕ್ಕಳು, ಒಬ್ಬ ಶಿಕ್ಷಕರಿಗೆ ಎರಡು ಮೂರು ತರಗತಿ: ಇದನ್ನೆಲ್ಲ ಎದುರಿಟ್ಟುಕೊಂಡು ‘ನಲಿ-ಕಲಿ’ ಕಟ್ಟಿದರು. ಪಾಠಗಳನ್ನು ಬಿಡಿಸಿ ಕಾರ್ಡುಗಳಾಗಿಸಿದರು, ಕಾರ್ಡುಗಳನ್ನು ಏಣಿಯ ಮೆಟ್ಟಿಲಾಗಿ ಜೋಡಿಸಿದರು. ಹದಿನೈದು ದಿನ ತಪ್ಪಿಸಿದ ಮಗು ಬಂದರೆ ತಾನು ನಿಂತ ಮೆಟ್ಟಿಲಿನಿಂದಲೇ ಹೊರಡುತ್ತದೆ; ಹಿಂದೆ ಬಿದ್ದೆ ಎಂಬ ಅವಮಾನವಿಲ್ಲ. ‘ತಟ್ಟೆ’ ಎಂದು ಕರೆಯುವ ಐದು ಗುಂಪುಗಳಲ್ಲಿ ಮಕ್ಕಳು. ಒಂದಕ್ಕೆ ಶಿಕ್ಷಕರ ಪೂರ್ತಿ ನೆರವು, ಇನ್ನೊಂದಕ್ಕೆ ಸ್ವಲ್ಪ, ಮತ್ತೆರಡಕ್ಕೆ ಗೆಳೆಯರ ಆಸರೆ, ಕೊನೆಯದಕ್ಕೆ ಸ್ವಕಲಿಕೆ. ಮಕ್ಕಳ ಕೈಗೆಟಕುವ ಎತ್ತರದಲ್ಲಿ ಗೋಡೆಗೆ ಕಪ್ಪುಹಲಗೆ, ತಲೆಯ ಮೇಲೆ ಮಕ್ಕಳ ಕೆಲಸವೇ ತೂಗುವ ಚಪ್ಪರ. ಪ್ರತಿ ಮಗುವಿನ ವೇಗಕ್ಕೆ ತಕ್ಕ ಪಾಠ ಎಂದು ಇವತ್ತು ಆ್ಯಪ್ ಕಂಪನಿಗಳು ಮಾರುತ್ತಿರುವುದನ್ನು ಈ ಶಿಕ್ಷಕರು ರಟ್ಟು, ಬಣ್ಣ, ಹಾಡುಗಳಲ್ಲಿ ಮಾಡಿ ಮೂವತ್ತು ವರ್ಷವಾಯಿತು.

2009-10ರಲ್ಲಿ ಅದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಬಂತು. ಬರಬೇಕಾದದ್ದೇ. ಆದರೆ ಕಾರ್ಡು ಮುದ್ರಣವಾಗಿ ಮೇಲಿನಿಂದ ಬರತೊಡಗಿದಾಗ, ಹೆಗ್ಗಡದೇವನಕೋಟೆಯ ಶಿಕ್ಷಕರಿಗಿದ್ದ ಬರೆಯುವ ಹಕ್ಕು ಶಂಕರಪುರದ ಟೀಚರಿಗೆ ಸಿಗಲಿಲ್ಲ. ಮಲ್ಲಿಗೆಯ ಅಟ್ಟೆ ಕಾರ್ಡಿಗೆ ಏರುವ ದಾರಿ ಅಲ್ಲೇ ಮುಚ್ಚಿತು.

ಕರಾವಳಿಗೆ ಪಾಠ ಬರೆಯುವ ಆ ಹಕ್ಕು ಹೊಸದೂ ಅಲ್ಲ. ಪಂಜೆ ಮಂಗೇಶರಾಯರು ಮೇಷ್ಟ್ರಾಗಿದ್ದರು, ಶಾಲಾ ಇನ್ಸ್‌ಪೆಕ್ಟರಾಗಿ ಹಳ್ಳಿ ಶಾಲೆಗಳನ್ನು ಸುತ್ತಿದ್ದರು. ಹಾಗಾಗಿಯೇ ಅವರ ಪದ್ಯಗಳು ಮಕ್ಕಳ ಬಾಯಲ್ಲಿ ನಿಂತವು. 1921ರಲ್ಲಿ ಮಂಗಳೂರಿನಲ್ಲಿ ಬಾಲಸಾಹಿತ್ಯ ಮಂಡಲ ಕಟ್ಟಿದವರೂ ಅವರೇ. ಕೋಟದಲ್ಲಿ ಹುಟ್ಟಿದ ಶಿವರಾಮ ಕಾರಂತರು ಪುತ್ತೂರಿನ ಬಾಲವನದಲ್ಲಿ ಶಿಕ್ಷಣದ ಪ್ರಯೋಗಕ್ಕೆ ಇಳಿದವರು. 1936ರಲ್ಲಿ ಮೂರು ಸಂಪುಟಗಳ ‘ಬಾಲಪ್ರಪಂಚ’ವನ್ನು ಒಬ್ಬರೇ ಬರೆದುಕೊಟ್ಟರು.

ಹಾಗೆಂದು ಸಾಧನಗಳ ಮೇಲೆ ಹಗೆ ಬೇಕಿಲ್ಲ. ಮಣಿಪಾಲದ ಅಂಗರಚನಾ ಸಂಗ್ರಹಾಲಯದಲ್ಲಿ ಆನೆಯ ಅಸ್ಥಿಪಂಜರದ ಮುಂದೆ ಬಾಯಿಬಿಟ್ಟು ನಿಂತ ಶಾಲಾಮಕ್ಕಳನ್ನು ಕಂಡವರಿಗೆ ವಸ್ತುವಿಗಿರುವ ಶಕ್ತಿ ಗೊತ್ತು. ಬೇಡವಾದದ್ದು ಶಿಕ್ಷಕರನ್ನು ಸ್ವಿಚ್ಚು ಹಾಕುವವರನ್ನಾಗಿ ಮಾಡುವ ಸಾಧನ. 2020ರಲ್ಲಿ ಕೋವಿಡ್‌ನಿಂದ ಶಾಲೆ ಮುಚ್ಚಿದಾಗ, ಕಾರ್ಕಳದ ಘಟ್ಟದಂಚಿನ ಊರುಗಳಲ್ಲಿ ನೆಟ್‌ವರ್ಕ್‌ಗಾಗಿ ಮಕ್ಕಳು ಗುಡ್ಡ ಹತ್ತಿದರು. ಆ ಆಗಸ್ಟಿನಲ್ಲಿ, ಮಕ್ಕಳಿದ್ದಲ್ಲಿಗೇ ಪಾಠ ಒಯ್ಯುವ ‘ವಿದ್ಯಾಗಮ’ ಶುರುವಾದಾಗ ದೇವಸ್ಥಾನದ ಜಗಲಿಗೆ, ಮರದ ನೆರಳಿಗೆ ನಡೆದು ಹೋದವರು ಸರ್ಕಾರಿ ಶಿಕ್ಷಕರು. ಸೋಂಕಿನ ಭಯದಿಂದ ಅಕ್ಟೋಬರಿನಲ್ಲಿ ಅದನ್ನು ನಿಲ್ಲಿಸಬೇಕಾಯಿತು. ಆದರೆ ಫೋನೂ ಟೀವಿಯೂ ಇಲ್ಲದ ಮಗುವಿಗೆ ಆ ಎರಡು ತಿಂಗಳು ಸಿಕ್ಕ ಶಾಲೆ ಅದೊಂದೇ.

ಆದ್ದರಿಂದ ದಾನಿಗಳಲ್ಲಿ ಒಂದು ವಿನಂತಿ. ಬೋರ್ಡಿಗೆ ಚೆಕ್ ಬರೆಯುವ ಮೊದಲು ನಿಮ್ಮ ಶಾಲೆಯಲ್ಲಿ ಎಷ್ಟು ಶಿಕ್ಷಕರ ಹುದ್ದೆ ಖಾಲಿ ಇದೆ ಎಂದು ಮುಖ್ಯೋಪಾಧ್ಯಾಯರನ್ನು ಕೇಳಿ. ಖಾಲಿ ಇದ್ದರೆ ಆ ಹಣದಲ್ಲಿ ಊರಿನ ಒಬ್ಬ ಗೌರವ ಶಿಕ್ಷಕಿಗೆ ಮರ್ಯಾದೆಯ ಸಂಬಳ ಕೊಡಿ, ಪಾಠ ಬರೆಯಲು ವಾರಕ್ಕೆ ಅರ್ಧ ದಿನ ಬಿಡುವೂ ಕೊಡಿಸಿ. ಗೋಡೆಯ ಫಲಕದಲ್ಲಿ ನಿಮ್ಮ ಹೆಸರು ಎಷ್ಟು ದೊಡ್ಡದಾಗಿ ಬೇಕಾದರೂ ಕೆತ್ತಿಸಿಕೊಳ್ಳಿ, ಅದಕ್ಕೆ ಯಾರ ಅಡ್ಡಿಯೂ ಇಲ್ಲ.