ಮೈಕ್ ಸ್ಟಾಕ್: ಹಾಡಿಗೆ ಮೆಚ್ಚುಗೆ, ಸದ್ದಿಗೆ ತಕರಾರು

ಗೀತರಚನಕಾರ, ನಿರ್ಮಾಪಕ ಮೈಕ್ ಸ್ಟಾಕ್ ಹೆಸರೆತ್ತಿದರೆ ‘ಕಾರ್ಖಾನೆ’ ಎಂಬ ಮೂದಲಿಕೆ ಈಗಲೂ ಕೇಳಿಬರುತ್ತದೆ. 1984ರಲ್ಲಿ ಮ್ಯಾಟ್ ಏಟ್ಕನ್ ಮತ್ತು ಪೀಟ್ ವಾಟರ್‌ಮನ್ ಜತೆ ಸೇರಿ ಅವರು ಕಟ್ಟಿದ ತಂಡ ಬ್ರಿಟನ್ನಿನ ಟಾಪ್ 40 ಪಟ್ಟಿಗೆ ನೂರಕ್ಕೂ ಹೆಚ್ಚು ಹಾಡುಗಳನ್ನು ಕೊಟ್ಟಿತು. ಅಷ್ಟು ವೇಗವಾಗಿ ಬಂದದ್ದರಲ್ಲಿ ಕಲೆ ಎಷ್ಟಿದ್ದೀತು ಎಂಬುದು ವಿಮರ್ಶಕರ ಪ್ರಶ್ನೆ.

ಆ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಅದೇ ಡ್ರಮ್ ಮಷಿನ್, ಅದೇ ಸಿಂಥಸೈಜರ್ ಬೇಸ್, ಅದೇ ಹೊಳಪು. ನಾಲ್ಕು ಹಾಡು ಸಾಲಾಗಿ ಕೇಳಿದರೆ ದಣಿವಾಗುತ್ತದೆ. ಹಾಡುಗಾರರು ಬಂದು, ಸಿದ್ಧವಿದ್ದುದನ್ನು ಹಾಡಿ ಹೋಗುವುದೇ ಅವರ ಸ್ಟುಡಿಯೊದ ರೂಢಿಯಾಗಿತ್ತು. ಗಾಯಕಿ ಕೈಲೀ ಮಿನೋಗ್ ಬರುವ ವಿಷಯ ಮರೆತುಹೋಗಿ, ಆಕೆ ಹೊರಗೆ ಕಾಯುತ್ತಿದ್ದಾಗ ‘ಐ ಶುಡ್ ಬಿ ಸೋ ಲಕ್ಕಿ’ಯನ್ನು ಸುಮಾರು 40 ನಿಮಿಷದಲ್ಲಿ ಬರೆದೆವೆಂದು ಸ್ಟಾಕ್ ಅವರೇ ಹೇಳಿಕೊಂಡಿದ್ದಾರೆ. ಹಾಡುವವಳ ಮನಸ್ಸಿನಲ್ಲೇನಿದೆ ಎಂದು ಕೇಳುವುದಕ್ಕೆ ಅಲ್ಲಿ ಪುರಸೊತ್ತೇ ಇರಲಿಲ್ಲ.

ಆದರೆ ಆ ಹಾಡು 1988ರಲ್ಲಿ ಐದು ವಾರ ಮೊದಲ ಸ್ಥಾನದಲ್ಲಿತ್ತು. ಬೇಗ ಬರೆದದ್ದೆಲ್ಲ ಹಗುರವೆನ್ನುವುದು ನನಗೆ ಒಪ್ಪಿಗೆಯಿಲ್ಲ. ರಿಕ್ ಆಸ್ಟ್ಲಿ ಹಾಡಿದ 1987ರ ‘ನೆವರ್ ಗೋನಾ ಗಿವ್ ಯೂ ಅಪ್’ ಗಮನಿಸಿ. ಅದರ ಪಲ್ಲವಿ ಷಡ್ಜದ ಸ್ವರಮೇಳದಲ್ಲಿ ನೆಲೆ ನಿಲ್ಲದೆ, ಮಧ್ಯಮದ ಸ್ವರಮೇಳದಿಂದ ಎತ್ತಿಕೊಂಡು ಸುತ್ತುತ್ತಲೇ ಇರುತ್ತದೆ. ಕೇಳುವ ಕಿವಿಗೆ ಇನ್ನೇನೋ ಬರಬೇಕಿದೆ ಎನ್ನಿಸುತ್ತದೆ. ಆ ತುಡಿತವೇ ಹಾಡನ್ನು ಮುಂದಕ್ಕೆ ಒಯ್ಯುತ್ತದೆ. ಇದನ್ನು ಯಂತ್ರ ಮಾಡಲಿಲ್ಲ, ರಾಗ ಕಟ್ಟುವುದನ್ನು ಬಲ್ಲವರು ಮಾಡಿದರು.

1989ರ ‘ದಿಸ್ ಟೈಮ್ ಐ ನೋ ಇಟ್ಸ್ ಫಾರ್ ರಿಯಲ್’ ನನಗೆ ಇನ್ನೂ ಮುಖ್ಯ. ಅದರ ರಚನೆಯಲ್ಲಿ ಗಾಯಕಿ ಡೋನಾ ಸಮ್ಮರ್ ಕೂಡ ಪಾಲುದಾರೆ. ವಾದ್ಯದ ಸದ್ದು ಹಳೆಯದೇ ಆದರೂ ದನಿಗೆ ಮೈಚಾಚುವಷ್ಟು ಜಾಗವಿದೆ. ಉಳಿದವರಿಗೂ ಅಷ್ಟು ಜಾಗ ಕೊಟ್ಟಿದ್ದರೆ ಎಂಬ ಕೊರಗು ಉಳಿಯುತ್ತದೆ.

1991ರಲ್ಲಿ ಏಟ್ಕನ್, 1993ರಲ್ಲಿ ಸ್ಟಾಕ್ ತಂಡ ಬಿಟ್ಟರು. ಇಬ್ಬರೂ ಮತ್ತೆ ಕೂಡಿ, 1995ರಲ್ಲಿ ರಾಬ್ಸನ್ ಮತ್ತು ಜೆರೋಮ್ ಎಂಬ ನಟರಿಂದ ‘ಅನ್‌ಚೈನ್ಡ್ ಮೆಲೊಡಿ’ ಹಾಡಿಸಿದರು. ಹಾಡು ಹಳೆಯದು, ಇನ್ನೊಬ್ಬರದು. ಆದರೂ ಆ ವರ್ಷ ಬ್ರಿಟನ್ನಿನಲ್ಲಿ ಅತಿ ಹೆಚ್ಚು ಮಾರಾಟವಾದ ಸಿಂಗಲ್ ಅದೇ. ಮಾರುವ ಜಾಣ್ಮೆ ಅಲ್ಲಿತ್ತು, ರಾಗ ಕಟ್ಟುವ ಸ್ಟಾಕ್ ಇರಲಿಲ್ಲ.

ನಿರ್ಮಾಪಕ ಸ್ಟಾಕ್ ಬಗ್ಗೆ ವಿಮರ್ಶಕರು ಹೇಳಿದ್ದು ಬಹುಮಟ್ಟಿಗೆ ನಿಜ. ಗೀತರಚನಕಾರ ಸ್ಟಾಕ್‌ಗೆ ಮಾತ್ರ ಅವರು ಅನ್ಯಾಯ ಮಾಡಿದ್ದಾರೆ.